ಹೊಸ ಊರಲ್ಲಿ ನಮ್ಮವರು ಅಂತ ನಾಲ್ಕು ಜನ: ಮನಶ್ಶಾಸ್ತ್ರದ ಪ್ರಯೋಗಗಳು ತೋರಿಸಿದ ದಾರಿ, ಹಂತ ಹಂತವಾಗಿ

ಕೆಲಸ ಸಿಕ್ಕಿತೆಂದು ಬೆಂಗಳೂರಿಗೆ ಬಂದು ಪಿಜಿಯಲ್ಲಿ ಇರುವವರು, ಮದುವೆಯಾಗಿ ಗೊತ್ತಿಲ್ಲದ ಊರಿಗೆ ಹೋದವರು, ಮಗನ ಮನೆಯಲ್ಲಿ ಇರೋಣವೆಂದು ಹಳ್ಳಿ ಮನೆಗೆ ಬೀಗ ಹಾಕಿ ಅಪಾರ್ಟ್‌ಮೆಂಟಿಗೆ ಬಂದ ಅಪ್ಪ ಅಮ್ಮಂದಿರು. ಇವರೆಲ್ಲರ ಬಾಯಲ್ಲೂ ಒಂದೇ ಮಾತು: "ಇಲ್ಲಿ ಮಾತಾಡೋಕೆ ಒಬ್ಬರೂ ಇಲ್ಲ." ಜನ ಇಲ್ಲವೆಂದಲ್ಲ. ಲಿಫ್ಟು, ಬಸ್ಸು, ಆಫೀಸಿನ ಕ್ಯಾಂಟೀನು, ಎಲ್ಲಿ ನೋಡಿದರೂ ಜನವೇ. ಆದರೆ ಯಾರ ಹತ್ತಿರ ಹೋಗಿ, ಏನಂತ ಶುರು ಮಾಡುವುದು?

ಇವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಎರಡು. "ನಾಲ್ಕು ಜನರ ಜೊತೆ ಬೆರೆಯಿರಿ", ಇಲ್ಲವೇ "ಚೆನ್ನಾಗಿ ಮಾತಾಡುವುದು ಕಲಿಯಿರಿ". ಎರಡೂ ತಪ್ಪಲ್ಲ. ಆದರೆ ಮುಖ್ಯ ತೊಡಕು ಬೇರೆ ಕಡೆ ಇದೆ. ಶಿಕಾಗೊ ವಿಶ್ವವಿದ್ಯಾಲಯದ ಜಾನ್ ಕ್ಯಾಸಿಯೊಪೊ ಒಂಟಿತನದ ಬಗ್ಗೆಯೇ ಬಹಳ ವರ್ಷ ಸಂಶೋಧನೆ ಮಾಡಿದವರು. ಒಂಟಿತನ ಕಡಿಮೆ ಮಾಡಲು ಜಗತ್ತಿನಲ್ಲಿ ಯಾರು ಯಾರು ಏನೇನು ಮಾಡಿ ನೋಡಿದ್ದಾರೆ ಎಂಬುದನ್ನು ಅವರ ತಂಡ ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿತು. ನಾಲ್ಕು ಬಗೆಯ ಪ್ರಯತ್ನಗಳು ಕಂಡವು: ಮಾತಿನ ಕಲೆ ಹೇಳಿಕೊಡುವುದು, ಕಷ್ಟಕ್ಕೆ ಆಸರೆ ಕೊಡುವುದು, ಜನ ಸೇರುವ ಅವಕಾಶ ಹೆಚ್ಚಿಸುವುದು, ಬೇರೆಯವರ ಬಗ್ಗೆ ಮನಸ್ಸಿನಲ್ಲಿ ಕೂತಿರುವ ತಪ್ಪು ಲೆಕ್ಕವನ್ನು ತಿದ್ದುವುದು. ಕಟ್ಟುನಿಟ್ಟಾಗಿ ನಡೆದ ಪ್ರಯೋಗಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಕೊನೆಯದು.

ತಪ್ಪು ಲೆಕ್ಕ ಅಂದರೆ ಏನು? "ಅವರಿಗೆ ನನ್ನ ಹತ್ತಿರ ಮಾತು ಬೇಕಿಲ್ಲ." "ನಾನು ಹೋದರೆ ಅವರಿಗೆ ತೊಂದರೆ." "ಮೊನ್ನೆ ಹಾಗೆ ಮಾತಾಡಿದೆನಲ್ಲ, ಏನಂದುಕೊಂಡರೋ." ಇದೆಲ್ಲ ನಮ್ಮ ಊಹೆ. ಕಳೆದ ಹದಿನೈದು ವರ್ಷಗಳ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿರುವುದು ಇದನ್ನೇ: ಈ ಊಹೆ ಸಾಮಾನ್ಯವಾಗಿ ತಪ್ಪಾಗಿರುತ್ತದೆ, ಅದೂ ಯಾವಾಗಲೂ ಒಂದೇ ಕಡೆಗೆ ವಾಲಿರುತ್ತದೆ. ಜನ ನಾವು ಎಣಿಸಿದ್ದಕ್ಕಿಂತ ಹೆಚ್ಚು ಮಾತಿಗೆ ಸಿಗುತ್ತಾರೆ, ನಮ್ಮನ್ನು ಹೆಚ್ಚು ಇಷ್ಟಪಡುತ್ತಾರೆ. ಅದಕ್ಕೇ ಈ ಬರಹದಲ್ಲಿ ಭಾಷಣ ಕಲೆಯ ಪಾಠ ಇಲ್ಲ. ಸಣ್ಣ ಸಣ್ಣ ಪ್ರಯತ್ನ ಮಾಡಿ, ನಮ್ಮ ಊಹೆಯನ್ನು ನಾವೇ ತಿದ್ದಿಕೊಳ್ಳುವ ಕ್ರಮ ಇದೆ.

ಇದೇನು ಅಷ್ಟು ದೊಡ್ಡ ವಿಷಯವೇ ಅಂತ ಕೇಳಬಹುದು. ಹೌದು, ದೊಡ್ಡದೇ. 2010ರಲ್ಲಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಒಟ್ಟಿಗೆ ಇಟ್ಟು ನೋಡಿದರು. ನಂಟು ಗಟ್ಟಿ ಇದ್ದವರು ಅಧ್ಯಯನದ ಅವಧಿಯಲ್ಲಿ ಬದುಕಿ ಉಳಿಯುವ ಸಾಧ್ಯತೆ ಉಳಿದವರಿಗಿಂತ ಶೇ. 50ರಷ್ಟು ಹೆಚ್ಚಿತ್ತು. ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯ, ಆಗಿದ್ದಾಗ, 2023ರ ಮೇ ತಿಂಗಳಲ್ಲಿ, ಒಂಟಿತನ ಇಡೀ ಸಮಾಜದ ಆರೋಗ್ಯದ ಸಮಸ್ಯೆ ಎಂದು ಅಧಿಕೃತ ಎಚ್ಚರಿಕೆ ಹೊರಡಿಸಿದವರು ವಿವೇಕ್ ಮೂರ್ತಿ. ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನದವರು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಈ ವಿಷಯಕ್ಕೆಂದೇ ಒಂದು ಆಯೋಗ ಮಾಡಿತು.

ಹಂತ 1: ಊಹೆಯನ್ನು ಬರೆದಿಡಿ

ಮೊದಲ ದಿನ ಯಾರ ಹತ್ತಿರವೂ ಮಾತಾಡಬೇಕಾಗಿಲ್ಲ. ಫೋನಿನಲ್ಲೋ ಪುಟ್ಟ ಪುಸ್ತಕದಲ್ಲೋ ಒಂದು ಪುಟ ತೆರೆಯಿರಿ. ದಿನಾ ನಿಮ್ಮ ಕಣ್ಣಿಗೆ ಬೀಳುವ ಐದಾರು ಜನರನ್ನು ಬರೆಯಿರಿ. ಪಕ್ಕದ ಟೇಬಲಿನವರು, ಎದುರು ಮನೆಯವರು, ಹಾಲಿನ ಬೂತಿನವರು, ಸೆಕ್ಯುರಿಟಿ ಅಣ್ಣ. ಒಬ್ಬೊಬ್ಬರ ಮುಂದೆಯೂ ಒಂದು ಸಾಲು: "ನಾನು ಮಾತಾಡಿಸಿದರೆ ಏನಾಗುತ್ತದೆ ಅಂತ ನನಗೆ ಅನಿಸುತ್ತದೆ?" ಹತ್ತಕ್ಕೆ ಎಷ್ಟು ಅಂಕ ಅಂತಲೂ ಹಾಕಿ. ಮಾತಾಡಿದ ಮೇಲೆ ಪಕ್ಕದಲ್ಲಿ ನಿಜವಾಗಿ ಆದದ್ದನ್ನು ಬರೆಯುತ್ತೀರಿ. ಅಷ್ಟೇ.

ಇದು ಸುಮ್ನೆ ಹೇಳುತ್ತಿರುವುದಲ್ಲ. ಶಿಕಾಗೊ ಊರಿನ ಹೊರಗೆ ಹೋಮ್‌ವುಡ್ ಅಂತ ಒಂದು ರೈಲು ನಿಲ್ದಾಣ ಇದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಅಲ್ಲಿ ರೈಲು ಹತ್ತುತ್ತಾರೆ. ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಎಂಬ ಸಂಶೋಧಕರು ಆ ಪ್ರಯಾಣಿಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ "ಇವತ್ತು ಪಕ್ಕದಲ್ಲಿ ಕೂತ ಅಪರಿಚಿತರ ಜೊತೆ ಮಾತಾಡಿ" ಅಂದರು. ಇನ್ನೊಂದಕ್ಕೆ "ಯಾರ ಜೊತೆಯೂ ಮಾತಾಡದೆ ನಿಮ್ಮ ಪಾಡಿಗೆ ಇರಿ" ಅಂದರು. ಮೂರನೆಯವರಿಗೆ "ದಿನಾ ಹೇಗೆ ಹೋಗುತ್ತೀರೋ ಹಾಗೇ ಹೋಗಿ" ಅಂದರು. ಇಳಿದ ಮೇಲೆ ಪ್ರಯಾಣ ಹೇಗಿತ್ತು ಅಂತ ಒಂದು ಹಾಳೆ ತುಂಬಿ ಅಂಚೆಗೆ ಹಾಕಬೇಕು. ಅದೇ ಮಾರ್ಗದ ಬೇರೆ ಪ್ರಯಾಣಿಕರಿಗೆ ಪ್ರಯೋಗ ಮಾಡಿಸದೆ, "ಮಾತಾಡಿದ್ದರೆ ಹೇಗಿರುತ್ತಿತ್ತು?" ಅಂತ ಊಹೆ ಮಾತ್ರ ಕೇಳಿದರು.

ಊಹಿಸಿದವರು ಹೇಳಿದ್ದು: ಮಾತಾಡಿದರೆ ಪ್ರಯಾಣ ಕೆಡುತ್ತದೆ, ಒಬ್ಬರೇ ಕೂತರೆ ಹಾಯಾಗಿರುತ್ತದೆ. ಮಾತಾಡಿಸಿದರೆ ಒಪ್ಪುವವರು ಅರ್ಧಕ್ಕಿಂತ ಕಡಿಮೆ ಅಂತಲೂ ಅಂದಾಜು ಮಾಡಿದರು. ನಡೆದದ್ದು ಪೂರ್ತಿ ಉಲ್ಟಾ. ಮಾತಾಡಿದವರ ಪ್ರಯಾಣವೇ ಎಲ್ಲರಿಗಿಂತ ಖುಷಿಯಾಗಿತ್ತು. ಮಾತಾಡಿಸಲು ಹೋಗಿ ಮುಖ ಮುರಿಸಿಕೊಂಡೆ ಅಂತ ಒಬ್ಬರೂ ಬರೆಯಲಿಲ್ಲ. 2014ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಆಮೇಲೆ ಲಂಡನ್ನಿನ ರೈಲುಗಳಲ್ಲೂ ಮಾಡಿದರು. ಅಪರಿಚಿತರ ಮುಖವನ್ನೂ ನೋಡದ ಊರು ಅಂತ ಹೆಸರಾದ ಲಂಡನ್ನಿನಲ್ಲೂ ಫಲಿತಾಂಶ ಹಾಗೇ ಬಂತು.

ನನಗೆ ಇದರಲ್ಲಿ ಮುಖ್ಯ ಅನಿಸುವುದು ಇದು. ಇಡೀ ಬೋಗಿಯಲ್ಲಿ ಎಲ್ಲರೂ "ಅವರಿಗೆ ಬೇಕಿಲ್ಲ" ಅಂದುಕೊಂಡು ಕೂತಿದ್ದರು. ಎಲ್ಲರೂ ಸುಮ್ಮನಿದ್ದುದೇ ಎಲ್ಲರಿಗೂ ಸಾಕ್ಷಿಯಾಯಿತು. ಒಬ್ಬರು ಬಾಯಿ ಬಿಡುವವರೆಗೂ ಈ ಊಹೆ ತಪ್ಪು ಅಂತ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೇ ಬರೆದಿಡಿ ಅಂದದ್ದು. ಬರೆದಿಡದಿದ್ದರೆ, ಆದ ಒಳ್ಳೆಯ ಅನುಭವವನ್ನು "ಅದೇನೋ ಇವತ್ತು ಅದೃಷ್ಟ" ಅಂತ ತಳ್ಳಿಹಾಕಿ, ಮರುದಿನ ಮತ್ತೆ ಹಳೇ ಹೆದರಿಕೆಗೇ ವಾಪಸ್ ಹೋಗುತ್ತೇವೆ.

ಹಂತ 2: ಎರಡು ಮಾತಿನ ಪರಿಚಯಗಳಿಂದ ಶುರು ಮಾಡಿ

ಮೊದಲ ವಾರವೇ ಜೀವದ ಗೆಳೆಯರನ್ನು ಹುಡುಕಬೇಡಿ. ಅರ್ಧ ನಿಮಿಷದ ಮಾತು ಸಾಕು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಕೆನಡಾದ ಒಂದು ಸ್ಟಾರ್‌ಬಕ್ಸ್ ಅಂಗಡಿಯಲ್ಲಿ ಗ್ರಾಹಕರಿಗೆ ಎರಡು ಬಗೆಯ ಸೂಚನೆ ಕೊಟ್ಟರು. ಕೆಲವರು ದುಡ್ಡು ಕೊಟ್ಟು, ಬೇಗ ಕಾಫಿ ತೆಗೆದುಕೊಂಡು ಬರಬೇಕು. ಇನ್ನು ಕೆಲವರು ಕಾಫಿ ಕೊಡುವವರ ಮುಖ ನೋಡಿ, ನಕ್ಕು, ಎರಡು ಮಾತಾಡಿ ಬರಬೇಕು. ಎರಡನೇ ಗುಂಪಿನವರು ಹೆಚ್ಚು ಖುಷಿಯಲ್ಲಿದ್ದರು. "ನಾನೂ ಇಲ್ಲಿಯವನೇ" ಎಂಬ ಭಾವವೂ ಅವರಲ್ಲೇ ಹೆಚ್ಚಿತ್ತು. ಟರ್ಕಿಯ ಅಂಕಾರಾದಲ್ಲಿ ಶಟಲ್ ಬಸ್ಸಿನ ಚಾಲಕರಿಗೆ ನಮಸ್ಕಾರ ಹೇಳಿ, ಇಳಿಯುವಾಗ ಥ್ಯಾಂಕ್ಸ್ ಹೇಳಿದವರ ವಿಷಯದಲ್ಲೂ ಇಂಥದೇ ಫಲ ಕಂಡಿತು.

ನಮ್ಮಲ್ಲಿ ಇದು ಇನ್ನೂ ಸುಲಭ. "ತಿಂಡಿ ಆಯ್ತಾ ಅಣ್ಣ?" ಅಂತ ಸೆಕ್ಯುರಿಟಿಯವರನ್ನು ಕೇಳಿ. ಕಂಡಕ್ಟರ್ ಚಿಲ್ಲರೆ ಕೊಟ್ಟಾಗ ಮುಖ ನೋಡಿ "ಇವತ್ತು ರಶ್ಶು ಜಾಸ್ತಿ ಅಲ್ವಾ ಸರ್" ಅನ್ನಿ. ಹೂವು ಮಾರುವ ಅಕ್ಕನ ಹತ್ತಿರ "ನಿನ್ನೆ ಕಾಣಲಿಲ್ಲ, ಹುಷಾರಾಗಿದ್ದೀರಾ?" ಅಂತ ಕೇಳಿ. ಯುಪಿಐ ಸ್ಕ್ಯಾನ್ ಮಾಡಿ ತಲೆ ಎತ್ತದೆ ಹೋಗುವ ಅಭ್ಯಾಸ ಈಗ ಎಲ್ಲರಿಗೂ ಬಂದಿದೆ. ಹಿಂದೆ ಚಿಲ್ಲರೆ ಲೆಕ್ಕದ ನೆಪದಲ್ಲಾದರೂ ಎರಡು ಮಾತು ಆಗುತ್ತಿತ್ತು. ಆ ಎರಡು ಮಾತನ್ನು ಈಗ ನಾವೇ ಬೇಕೆಂದು ಆಡಬೇಕು.

ಇಂಥ ತೆಳು ಪರಿಚಯದಿಂದ ಏನು ಸಿಗುತ್ತದೆ ಎನ್ನುವವರಿಗೆ ಒಂದು ಮಾತು. 1973ರಷ್ಟು ಹಿಂದೆಯೇ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಇದನ್ನು ವಿವರಿಸಿದ್ದರು. ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ. ಹೊಸ ಕೆಲಸ, ಖಾಲಿ ಮನೆ, ಒಳ್ಳೆ ಡಾಕ್ಟರ್, ಇಂಥ ಸುದ್ದಿ ಬರುವುದು ಹೆಚ್ಚಾಗಿ ದೂರದ ಪರಿಚಯದವರಿಂದ.

ಹಂತ 3: ಒಂದೇ ಜಾಗ, ಒಂದೇ ಹೊತ್ತು

ಈ ಹಂತದಲ್ಲಿ ಮಾತೇ ಬೇಕಿಲ್ಲ. ಕಣ್ಣಿಗೆ ಬಿದ್ದರೆ ಸಾಕು. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನಾಲ್ವರು ಯುವತಿಯರನ್ನು ಆರಿಸಿ, ಮೂವರನ್ನು ಒಂದು ದೊಡ್ಡ ತರಗತಿಗೆ ವಿದ್ಯಾರ್ಥಿನಿಯರಂತೆ ಕಳಿಸಿದರು. ಒಬ್ಬರು 15 ಸಲ, ಒಬ್ಬರು 10 ಸಲ, ಒಬ್ಬರು 5 ಸಲ ಬಂದು ಸುಮ್ಮನೆ ಕೂತು ಹೋದರು. ಇನ್ನೊಬ್ಬರು ಒಮ್ಮೆಯೂ ಬರಲಿಲ್ಲ. ಯಾರೂ ಯಾರ ಜೊತೆಯೂ ಮಾತಾಡಲಿಲ್ಲ. ಕೊನೆಗೆ ಫೋಟೊ ತೋರಿಸಿ ಕೇಳಿದಾಗ, ಹೆಚ್ಚು ಸಲ ಬಂದವರನ್ನೇ ವಿದ್ಯಾರ್ಥಿಗಳು ಹೆಚ್ಚು ಇಷ್ಟಪಟ್ಟರು.

ಇನ್ನೊಂದು ಪ್ರಯೋಗ ಅಮೆರಿಕದ ಮೇರಿಲ್ಯಾಂಡ್ ಪೊಲೀಸ್ ತರಬೇತಿ ಶಾಲೆಯದು. ಅಲ್ಲಿ ಕೋಣೆ, ಕುರ್ಚಿ ಎಲ್ಲವನ್ನೂ ಹೆಸರಿನ ಅಕ್ಷರ ಕ್ರಮದಲ್ಲಿ ಕೊಡುತ್ತಿದ್ದರು. 1974ರ ಅಧ್ಯಯನದಲ್ಲಿ, ಯಾರು ಯಾರಿಗೆ ಸ್ನೇಹಿತರಾದರು ಅಂತ ಕೇಳಿದರೆ, ಅಕ್ಷರ ಕ್ರಮದಲ್ಲಿ ಅಕ್ಕಪಕ್ಕ ಬಂದವರೇ ಹೆಚ್ಚಾಗಿ ಸ್ನೇಹಿತರಾಗಿದ್ದರು. ನಮ್ಮ ಹಾಜರಿ ಪುಸ್ತಕದ ಕ್ರಮದಲ್ಲಿ ಪರೀಕ್ಷೆಗೆ ಕೂತವರಿಗೆ, ಲ್ಯಾಬಿನಲ್ಲಿ ಒಂದೇ ಬ್ಯಾಚಿಗೆ ಬಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ವಾರಕ್ಕೊಂದು ಹೊಸ ಕೆಫೆ, ಹೊಸ ಪಾರ್ಕ್ ಅಂತ ಸುತ್ತಬೇಡಿ. ಒಂದೇ ದರ್ಶಿನಿ, ಒಂದೇ ಹೊತ್ತಿನ ವಾಕಿಂಗ್, ಲೈಬ್ರರಿಯ ಒಂದೇ ಮೂಲೆ ಹಿಡಿಯಿರಿ. ಬೆಳಗಿನ ಆರೂವರೆಗೆ ಲಾಲ್‌ಬಾಗಿಗೆ ಬರುವವರು ದಿನಾ ಬಹುತೇಕ ಅವರೇ. ಒಂದು ತಿಂಗಳು ಅದೇ ಹೊತ್ತಿಗೆ ಹೋಗಿ ನೋಡಿ, ನೀವು ಏನೂ ಮಾಡದೆಯೇ ತಲೆಯಾಡಿಸುವವರು ಹುಟ್ಟಿಕೊಳ್ಳುತ್ತಾರೆ. ಪದೇ ಪದೇ ಸೇರುವ ಕೂಟವಾದರೆ ಇನ್ನೂ ಒಳ್ಳೆಯದು. ಯೋಗ ತರಗತಿ, ಭಾನುವಾರದ ಕ್ರಿಕೆಟ್, ಭಜನಾ ಮಂಡಳಿ, ಹವ್ಯಾಸಿ ನಾಟಕ ತಂಡ, ಹೊರದೇಶದಲ್ಲಿದ್ದರೆ ಅಲ್ಲಿಯ ಕನ್ನಡ ಕೂಟ. ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ಹೋಗಿ ಊಟ ಮಾಡಿ ಬಂದರೆ ಸಾಲದು. ಅದರ ತಯಾರಿಗೆ ವಾರ ವಾರ ಸೇರುತ್ತಾರಲ್ಲ, ಅಲ್ಲಿ ಹೋಗಿ. ಕುರ್ಚಿ ಜೋಡಿಸುವ ಕೆಲಸ ಕೇಳಿ ತೆಗೆದುಕೊಳ್ಳಿ. ಕೈಗೆ ಕೆಲಸ ಇದ್ದಾಗ ಬಾಯಿಗೆ ಮಾತು ತಾನಾಗಿ ಬರುತ್ತದೆ.

ಹಂತ 4: ಮೊದಲ ಮಾತು

ಇದರ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಇಬ್ಬರ ಕಣ್ಣ ಮುಂದೆಯೂ ಇರುವ ವಿಷಯ ಎತ್ತಿದರೆ ಮುಗಿಯಿತು. ಬರದ ಬಸ್ಸು, ಹೋದ ಕರೆಂಟು, ಅವರ ಕೈಯಲ್ಲಿರುವ ಪುಸ್ತಕ, ಮೆಸ್ಸಿನ ಸಾಂಬಾರು. "ಯಾವ ಊರು ನಿಮ್ಮದು?" ಎಂಬ ಪ್ರಶ್ನೆ ನಮ್ಮಲ್ಲಿ ಚೆನ್ನಾಗಿ ಓಡುತ್ತದೆ.

ಆದರೆ ಊರು ಕೇಳಿ, ಪೂರ್ತಿ ಹೆಸರು ಕೇಳಿ, ಮನೆದೇವರು ಕೇಳಿ, ಕೊನೆಗೆ ಜಾತಿಗೆ ಬಂದು ನಿಲ್ಲುವ ಅಭ್ಯಾಸ ಇದೆಯಲ್ಲ, ಅದನ್ನು ಪೂರ್ತಿ ಬಿಡಿ. ಆ ಸಾಲು ಎಲ್ಲಿಗೆ ಹೋಗುತ್ತಿದೆ ಅಂತ ಎದುರಿನವರಿಗೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ಎಷ್ಟೋ ಜನ ಆ ಪ್ರಶ್ನೆಯಿಂದ ಬಾಡಿಗೆ ಮನೆ ಕಳೆದುಕೊಂಡಿದ್ದಾರೆ. ಸಂಬಳ, ಮದುವೆ, ಮಕ್ಕಳು ಯಾವಾಗ, ಇವೂ ಬೇಡ.

ಮಹಿಳೆಯರಿಗೆ ಒಂದು ಮಾತು. ರೈಲಿನ ಪ್ರಯೋಗ ಏನೇ ಹೇಳಲಿ, ಖಾಲಿ ಬಸ್ಸಿನಲ್ಲಿ, ರಾತ್ರಿ ಹೊತ್ತಿನಲ್ಲಿ ಅಪರಿಚಿತರನ್ನು ಮಾತಾಡಿಸಬೇಕಾಗಿಲ್ಲ. ಮನಸ್ಸು ಬೇಡ ಅಂದರೆ ಬೇಡ. ಮೆಟ್ರೊದ ಮಹಿಳಾ ಬೋಗಿ, ಡ್ಯಾನ್ಸ್ ತರಗತಿ, ಅಪಾರ್ಟ್‌ಮೆಂಟಿನ ಪಾರ್ಕ್, ನಾಲ್ಕು ಜನ ಇರುವ ಇಂಥ ಕಡೆ ಶುರು ಮಾಡಿ. ಗಂಡಸರು ಇದನ್ನು ಇನ್ನೊಂದು ಬದಿಯಿಂದ ಓದಬೇಕು. ಒಂದೇ ಪದದಲ್ಲಿ ಉತ್ತರ ಬಂತು, ಇಯರ್‌ಫೋನ್ ಮತ್ತೆ ಕಿವಿಗೆ ಹೋಯಿತು ಅಂದರೆ ಅಲ್ಲಿಗೆ ನಿಲ್ಲಿಸಿ.

ಹಂತ 5: ಮುಂದಿನ ಪ್ರಶ್ನೆ ಅವರ ಉತ್ತರದಲ್ಲೇ ಇದೆ

ಇಡೀ ಬರಹದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುತ್ತೇನೆ ಅಂದರೆ ಇದನ್ನು ಇಟ್ಟುಕೊಳ್ಳಿ. ಹಾರ್ವರ್ಡಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತರನ್ನು ಜೋಡಿ ಮಾಡಿ ಆನ್‌ಲೈನಿನಲ್ಲಿ 15 ನಿಮಿಷ ಹರಟೆಗೆ ಬಿಟ್ಟರು. ಕೆಲವರಿಗೆ ಕನಿಷ್ಠ ಒಂಬತ್ತು ಪ್ರಶ್ನೆ ಕೇಳಿ ಅಂದರು, ಕೆಲವರಿಗೆ ನಾಲ್ಕಕ್ಕಿಂತ ಹೆಚ್ಚು ಬೇಡ ಅಂದರು. ಹೆಚ್ಚು ಕೇಳಿದವರನ್ನೇ ಎದುರಿನವರು ಹೆಚ್ಚು ಮೆಚ್ಚಿಕೊಂಡರು. ಆದರೆ ಎಲ್ಲ ಪ್ರಶ್ನೆಗೂ ಒಂದೇ ತೂಕ ಇರಲಿಲ್ಲ. ಕೆಲಸ ಮಾಡಿದ್ದು ಮುಖ್ಯವಾಗಿ ಒಂದು ಬಗೆ: ಅವರು ಈಗಷ್ಟೇ ಹೇಳಿದ್ದನ್ನು ಹಿಡಿದು ಕೇಳುವ ಮರುಪ್ರಶ್ನೆ.

ಪಿಜಿಯ ಊಟದ ಟೇಬಲ್ ಅಂದುಕೊಳ್ಳಿ. ಹೊಸದಾಗಿ ಬಂದವರೊಬ್ಬರು ಎದುರಿಗೆ ಕೂತಿದ್ದಾರೆ.

"ಯಾವ ಊರು ನಿಮ್ಮದು?"
"ಸಿರ್ಸಿ ಹತ್ರ."
"ಓ, ಸಿರ್ಸಿನಾ! ನಾನೂ ಬಂದಿದ್ದೆ, ಮಾರಿಕಾಂಬೆ ಜಾತ್ರೆಗೆ. ಏನ್ ಜನ ಮಾರಾಯ್ರೆ. ಆಮೇಲೆ ನಾವು ಜೋಗಕ್ಕೂ ಹೋದ್ವಿ..."

ತಪ್ಪೇನೂ ಇಲ್ಲ. ಆದರೆ ಮಾತು ಅವರ ಊರಿಂದ ಹೊರಟು ನಿಮ್ಮ ಪ್ರವಾಸಕ್ಕೆ ಬಂದು ನಿಂತಿತು. ಅವರು ನಕ್ಕು, ಅನ್ನ ಕಲಸಿಕೊಳ್ಳುತ್ತಾರೆ. ಈಗ ಅದನ್ನೇ ಬೇರೆ ಥರ ನೋಡಿ.

"ಯಾವ ಊರು ನಿಮ್ಮದು?"
"ಸಿರ್ಸಿ ಹತ್ರ."
"ಹತ್ರ ಅಂದ್ರೆ ಯಾವ ಕಡೆ?"
"ಯಾಣಕ್ಕೆ ಹೋಗೋ ದಾರೀಲಿ. ಒಳಗೆ. ಅಡಿಕೆ ತೋಟ ಇದೆ ನಮ್ದು."
"ಈ ಮಳೇಲಿ ತೋಟದಲ್ಲಿ ಏನು ಕೆಲಸ ಇರುತ್ತೆ?"
"ಅಯ್ಯೋ, ಈಗಲೇ ಜಾಸ್ತಿ. ಕೊಳೆ ರೋಗ ಬರದ ಹಾಗೆ ಬೋರ್ಡೋ ಹೊಡೀಬೇಕು. ಅಪ್ಪ ಒಬ್ರೇ ಅಲ್ಲಿ."
"ಮರ ಹತ್ತೋಕೆ ಜನ ಸಿಗ್ತಾರಾ?"
"ಅದೇ ಸಮಸ್ಯೆ. ಕೊನೆಗೌಡ್ರು ಸಿಗೋದೇ ಕಷ್ಟ ಆಗಿದೆ. ಸಿಕ್ಕಿದ ದಿನ ಮಳೆ ಬಿಡಲ್ಲ. ನಿನ್ನೆ ಫೋನ್ ಮಾಡಿದಾಗ ಅಪ್ಪ ಅದನ್ನೇ ಹೇಳ್ತಿದ್ರು. ನಾನು ಇಲ್ಲಿಗೆ ಬಂದಿದ್ದು ಸರೀನಾ ಅಂತ ಅನ್ನಿಸ್ತು."

ಕೇಳಿದವರಿಗೆ ಅಡಿಕೆಯ ಬಗ್ಗೆ ಏನೂ ಗೊತ್ತಿರಬೇಕಾಗಿರಲಿಲ್ಲ. "ಹತ್ರ", "ತೋಟ", "ಒಬ್ರೇ" ಎಂಬ ಮೂರು ಎಳೆಯನ್ನು ಬಿಡದೆ ಹಿಡಿದರು, ಅಷ್ಟೇ. ನಾಲ್ಕನೇ ಪ್ರಶ್ನೆಗೆ ಮಾತು ಊರಿನ ಹೆಸರಿನಿಂದ ಅಪ್ಪನ ಚಿಂತೆಗೆ ಬಂತು. ಇಲ್ಲಿ "ಏನೂ ಆಗಲ್ಲ ಬಿಡಿ" ಅಂತ ಮುಚ್ಚಬೇಡಿ. "ಅಪ್ಪ ಬೇಜಾರು ಮಾಡ್ಕೊಂಡಿದ್ರಾ?" ಅಂತ ಕೇಳಿ, ಆಮೇಲೆ ಸುಮ್ಮನಿರಿ.

ಪ್ರಶ್ನೆಗಳು ವಿಚಾರಣೆಯ ಹಾಗೆ ಆಗಬಾರದು ಅಂದರೆ, ಎರಡು ಮೂರು ಪ್ರಶ್ನೆಯ ಮಧ್ಯೆ ನಿಮ್ಮದೂ ಒಂದು ಮಾತು ಇರಲಿ. "ನಮ್ಮಪ್ಪನೂ ಹಾಗೇ, ಕಷ್ಟ ಅಂತ ನೇರವಾಗಿ ಹೇಳಲ್ಲ." ಹೇಳಿ, ಮಾತನ್ನು ಮತ್ತೆ ಅವರಿಗೆ ಬಿಟ್ಟುಕೊಡಿ.

ಮಾತು ಮುಗಿಸುವುದರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಆಡಂ ಮಾಸ್ಟ್ರೊಯಾನಿ, ಡೇನಿಯಲ್ ಗಿಲ್ಬರ್ಟ್ ಮೊದಲಾದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಬ್ಬರಿಗೂ ಬೇಕಾದ ಹೊತ್ತಿಗೆ ಸರಿಯಾಗಿ ಮುಗಿದ ಮಾತುಕತೆ ಶೇ. 2ರಷ್ಟು ಮಾತ್ರ. ಕೆಲವರಿಗೆ ಇನ್ನೂ ಬೇಕಿತ್ತು, ಕೆಲವರಿಗೆ ಎಂದೋ ಸಾಕಾಗಿತ್ತು. ಎದುರಿನವರಿಗೆ ಯಾವಾಗ ಸಾಕಾಯಿತು ಅಂತ ಯಾರಿಗೂ ಸರಿಯಾಗಿ ಗೊತ್ತಾಗಿರಲಿಲ್ಲ. ಹಾಗಾಗಿ ಸರಿಯಾದ ಗಳಿಗೆಗೆ ಕಾಯಬೇಡಿ. "ಸರಿ, ನಾಳೆ ಸಿಗೋಣ, ಅಪ್ಪ ಏನಂದ್ರು ಹೇಳಿ" ಅಂತ ಎದ್ದರೆ ಮಾತೂ ಮುಗಿಯಿತು, ನಾಳೆಗೊಂದು ನೆಪವೂ ಸಿಕ್ಕಿತು.

ಹಂತ 6: ರಾತ್ರಿ ಮಲಗಿದಾಗ ಬರುವ ಯೋಚನೆಗಳು

"ಛೆ, ಹಾಗನ್ನಬಾರದಿತ್ತು." ಎಲ್ಲರಿಗೂ ಬರುವ ಯೋಚನೆ. ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಇದನ್ನೇ ಅಳೆದು ನೋಡಿದರು. ಮೊದಲ ಸಲ ಮಾತಾಡಿದ ಇಬ್ಬರನ್ನು ಬೇರೆ ಬೇರೆ ಕೂರಿಸಿ, "ನಿಮಗೆ ಅವರು ಎಷ್ಟು ಇಷ್ಟವಾದರು? ಅವರಿಗೆ ನೀವು ಎಷ್ಟು ಇಷ್ಟವಾದಿರಿ ಅನಿಸುತ್ತದೆ?" ಅಂತ ಕೇಳಿದರು. ಜನ ತಮ್ಮನ್ನು ಎದುರಿನವರು ಎಷ್ಟು ಮೆಚ್ಚಿದ್ದಾರೆ ಎಂಬುದನ್ನು ಕಡಿಮೆಯಾಗಿಯೇ ಅಂದಾಜು ಮಾಡಿದರು. ಯೇಲ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಒಂದೇ ಕಡೆ ಇದ್ದ ವಿದ್ಯಾರ್ಥಿಗಳಲ್ಲೂ ಈ ತಪ್ಪು ಅಂದಾಜು ಎಷ್ಟೋ ತಿಂಗಳು ಹಾಗೇ ಉಳಿದಿತ್ತು. ಆ ಅಂತರಕ್ಕೆ ಒಂದು ಕಾರಣ, ನಾವು ನಮ್ಮ ತಪ್ಪು ಹುಡುಕುವುದರಲ್ಲಿ ಮುಳುಗಿರುತ್ತೇವೆ, ಎದುರಿನವರ ಮುಖದಲ್ಲಿ ಕಾಣುವ ಮೆಚ್ಚುಗೆ ನಮ್ಮ ಗಮನಕ್ಕೇ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲ ಹಂತದ ಪುಟ ತೆಗೆದು, ನಿಮ್ಮ ಮಾತಿನ ಬದಲು ಅವರು ಮಾಡಿದ್ದನ್ನು ಬರೆಯಿರಿ. ನಕ್ಕರಾ? ತಾವಾಗಿ ಪ್ರಶ್ನೆ ಕೇಳಿದರಾ? ಹೊರಟವರು ನಿಂತು ಇನ್ನೊಂದು ಮಾತು ಆಡಿದರಾ? ಸಾಕ್ಷಿ ಅಲ್ಲಿದೆ.

ಸ್ಯಾಂಡ್‌ಸ್ಟ್ರಾಮ್ ತಂಡ 2022ರಲ್ಲಿ ಜನರಿಗೆ ಒಂದು ವಾರ ದಿನಾ ಅಪರಿಚಿತರನ್ನು ಮಾತಾಡಿಸುವ ಆಟ ಆಡಿಸಿತು. ವಾರದ ಕೊನೆಗೆ, ತಿರಸ್ಕಾರ ಎದುರಾಗುತ್ತದೆಂಬ ಹೆದರಿಕೆ ಇಳಿದಿತ್ತು, ನನಗೂ ಮಾತಾಡಲು ಬರುತ್ತದೆ ಎಂಬ ಧೈರ್ಯ ಏರಿತ್ತು. ಆಟ ಮುಗಿದು ವಾರ ಕಳೆದರೂ ಅದು ಉಳಿದಿತ್ತು. ಒಂದೇ ಸಲ ಮಾತಾಡಿ ಬಿಟ್ಟರೆ ಇಷ್ಟು ಆಗದು. ದಿನಾ ಮಾಡಬೇಕು.

ಹಂತ 7: ಹವಾಮಾನದಿಂದ ಸ್ವಲ್ಪ ಒಳಗೆ

ಮೂರು ನಾಲ್ಕು ಸಲ ಸಿಕ್ಕ ಮೇಲೂ ಟ್ರಾಫಿಕ್, ಮಳೆ, ಮ್ಯಾಚು ಇಷ್ಟರಲ್ಲೇ ಸುತ್ತುತ್ತಿದ್ದರೆ ಸ್ನೇಹ ಅಲ್ಲೇ ನಿಲ್ಲುತ್ತದೆ. ಆರ್ಥರ್ ಆರನ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗೊತ್ತಿಲ್ಲದ ಇಬ್ಬರು 45 ನಿಮಿಷ ಕೂತು 36 ಪ್ರಶ್ನೆಗಳಿಗೆ ಸರದಿಯಲ್ಲಿ ಉತ್ತರಿಸಿದರು. ಮೊದಮೊದಲು ಹಗುರವಾದ ಪ್ರಶ್ನೆ, ಬರಬರುತ್ತಾ ಮನಸ್ಸಿಗೆ ಹತ್ತಿರವಾದದ್ದು. ಬರೀ ಹರಟೆ ಹೊಡೆದ ಜೋಡಿಗಳಿಗಿಂತ ಇವರು ಹೆಚ್ಚು ಹತ್ತಿರವಾದರು. ಆ ಪಟ್ಟಿ ಈಗ ಪ್ರೇಮದ ಮಂತ್ರ ಅಂತ ಹೆಸರಾಗಿದೆ. ನಿಜಕ್ಕೂ ಅದು ಮಂತ್ರವಲ್ಲ. ಅದರ ಗುಟ್ಟು ಇರುವುದು ಕ್ರಮದಲ್ಲಿ: ನಿಧಾನವಾಗಿ ಆಳಕ್ಕೆ ಇಳಿಯುವುದು, ಇಬ್ಬರೂ ಸಮಸಮವಾಗಿ ಇಳಿಯುವುದು. ಒಬ್ಬರೇ ಎಲ್ಲ ತೋಡಿಕೊಂಡು ಇನ್ನೊಬ್ಬರು ಕೇಳುತ್ತಲೇ ಇದ್ದರೆ ಆಗದು.

ಪಟ್ಟಿ ಹಿಡಿದು ಕೂರಬೇಕಾಗಿಲ್ಲ. "ಈ ಕೆಲಸಕ್ಕೇ ಬರಬೇಕು ಅಂತ ಮೊದಲಿಂದಲೂ ಇತ್ತಾ?" "ಇಲ್ಲಿಗೆ ಬಂದ ಮೇಲೆ ಯಾವುದು ತುಂಬಾ ನೆನಪಾಗುತ್ತೆ?" "ಈ ವರ್ಷ ಏನು ಕಲಿತ್ರಿ?" ಇಷ್ಟು ಸಾಕು. ಇಂಥ ಪ್ರಶ್ನೆ ಮುಜುಗರ ತರುತ್ತದೆ ಎಂಬುದೂ ಬಹುಮಟ್ಟಿಗೆ ನಮ್ಮ ತಪ್ಪು ಊಹೆಯೇ ಎಂದು ಎಪ್ಲಿ ಮತ್ತು ಸಂಗಡಿಗರ ಇನ್ನೊಂದು ಅಧ್ಯಯನ ತೋರಿಸಿದೆ. ನಮ್ಮ ಒಳಗಿನ ಮಾತು ಬೇರೆಯವರಿಗೆ ಬೇಡ ಅಂತ ನಾವು ಅಂದುಕೊಳ್ಳುತ್ತೇವೆ. ಅವರಿಗೆ ಅದು ಬೇಕಾಗಿರುತ್ತದೆ.

ಆ ಹೊತ್ತಿನಲ್ಲಿ ಫೋನ್ ಬ್ಯಾಗಿನೊಳಗೆ ಇರಲಿ. ಎರಡನೇ ಹಂತದಲ್ಲಿ ಹೆಸರು ಬಂದ ಎಲಿಜಬೆತ್ ಡನ್ ಅವರ ತಂಡ ಕೆಫೆಗೆ ಊಟಕ್ಕೆ ಬಂದ 300ಕ್ಕೂ ಹೆಚ್ಚು ಜನರಲ್ಲಿ ಕೆಲವರ ಫೋನ್ ಟೇಬಲ್ ಮೇಲೆ ಇರಿಸಿ, ಕೆಲವರದ್ದು ತೆಗೆದಿಡಿಸಿ ನೋಡಿತು. ಫೋನ್ ಮುಂದಿದ್ದವರ ಗಮನ ಚದುರಿತ್ತು, ಊಟದ ಖುಷಿಯೂ ಕಡಿಮೆಯಾಗಿತ್ತು.

ಹಂತ 8: ಗಂಟೆಗಳ ಲೆಕ್ಕ

ಜೆಫ್ರಿ ಹಾಲ್ ಎಂಬ ಕಾನ್ಸಾಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಹೊಸ ಊರಿಗೆ ಬಂದವರನ್ನು, ಹೊಸದಾಗಿ ಕಾಲೇಜು ಸೇರಿದವರನ್ನು ಕೇಳಿ ಒಂದು ಲೆಕ್ಕ ತೆಗೆದರು. ಪರಿಚಯ ಸಾಮಾನ್ಯ ಸ್ನೇಹವಾಗಲು ಸುಮಾರು 50 ಗಂಟೆ ಜೊತೆಯಲ್ಲಿ ಕಳೆಯಬೇಕು. ಒಳ್ಳೆ ಸ್ನೇಹಕ್ಕೆ ಸುಮಾರು 90. ಆಪ್ತರಾಗಲು 200ಕ್ಕಿಂತ ಹೆಚ್ಚು. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳಿಗೆ ಅಷ್ಟು ಬೆಲೆ ಇಲ್ಲ. ಕೆಲಸವಿಲ್ಲದೆ ಸುತ್ತಾಡಿದ, ನಗಾಡಿದ, ಊಟ ಮಾಡಿದ ಗಂಟೆಗಳೇ ಲೆಕ್ಕಕ್ಕೆ ಬರುತ್ತವೆ.

"ಮೂರು ತಿಂಗಳಾಯಿತು, ಇನ್ನೂ ಯಾರೂ ಹತ್ತಿರವಾಗಿಲ್ಲ" ಅಂತ ನೊಂದುಕೊಳ್ಳುವವರಿಗೆ ಈ ಲೆಕ್ಕ ಸಮಾಧಾನ ಕೊಡಬೇಕು. ವಾರಕ್ಕೆ ಎರಡು ಗಂಟೆ ಸಿಕ್ಕರೆ 50 ಗಂಟೆಗೆ ಆರು ತಿಂಗಳು ಬೇಕು. ನಿಮ್ಮಲ್ಲಿ ಏನೂ ಕೊರತೆ ಇಲ್ಲ, ಗಂಟೆ ಸಾಲದು ಅಷ್ಟೇ. ಟೀ ವಿರಾಮವನ್ನು ಒಂದು ಭಾನುವಾರದ ಇಡ್ಲಿಗೆ, ಇಡ್ಲಿಯನ್ನು ಒಂದು ನಂದಿ ಬೆಟ್ಟಕ್ಕೆ ಬೆಳೆಸಿ. ಕರೆಯುವವರು ನೀವೇ ಆಗಿ.

ಹಂತ 9: ಅವರ ಒಳ್ಳೆ ಸುದ್ದಿಗೆ ಕಿವಿಯಾಗಿ

ಕಷ್ಟಕ್ಕೆ ಆಗುವವರೇ ಸ್ನೇಹಿತರು ಅನ್ನುತ್ತೇವೆ. ಶೆಲ್ಲಿ ಗೇಬಲ್ ಎಂಬ ಮನಶ್ಶಾಸ್ತ್ರಜ್ಞೆ ಸುಖದ ಕಡೆಯಿಂದ ನೋಡಿದರು. ಒಳ್ಳೆ ಸುದ್ದಿ ಹೇಳಿದಾಗ ಎದುರಿನವರು ಹೇಗೆ ಸ್ಪಂದಿಸುತ್ತಾರೆ ಎಂಬುದರ ಮೇಲೆ ಸಂಬಂಧದ ಗಟ್ಟಿತನ ತಿಳಿಯುತ್ತದೆ ಎಂದು 2004ರಿಂದ ಅವರು ತೋರಿಸುತ್ತ ಬಂದಿದ್ದಾರೆ. "ನನಗೆ ಪ್ರಮೋಷನ್ ಆಯ್ತು" ಅಂತ ಒಬ್ಬರು ಹೇಳುತ್ತಾರೆ. "ಓ, ಕಂಗ್ರಾಟ್ಸ್" ಅಂತ ಫೋನ್ ನೋಡುತ್ತಾ ಹೇಳುವುದು ಒಂದು. "ಇನ್ನು ಮನೆಗೆ ಹೋಗೋಕೂ ಟೈಮ್ ಸಿಗಲ್ಲ ನೋಡು" ಅಂತ ತಣ್ಣೀರೆರಚುವುದು ಇನ್ನೊಂದು. "ಹೌದಾ, ನನ್ನ ತಮ್ಮನಿಗೂ ಆಯ್ತು" ಅಂತ ತಿರುಗಿಸುವುದು ಮತ್ತೊಂದು. ಸಂಬಂಧ ಬೆಳೆಸುವುದು ಇದು: "ಏನಂತೀಯ! ಯಾವಾಗ ಹೇಳಿದ್ರು? ಮನೇಲಿ ಹೇಳಿದ್ಯಾ? ಅಮ್ಮ ಏನಂದ್ರು?" ಐದನೇ ಹಂತದ ಮರುಪ್ರಶ್ನೆ ಇಲ್ಲೂ ಬಂತು, ಗಮನಿಸಿದಿರಾ?

ಹಂತ 10: ಹಳಬರಿಗೆ ಇವತ್ತೇ ಫೋನ್

ಹೊಸಬರನ್ನು ಹುಡುಕುವ ಭರದಲ್ಲಿ, ನಂಬರ್ ಇದ್ದೂ ಮಾತು ನಿಂತಿರುವವರನ್ನು ಮರೆಯಬೇಡಿ. ಅಮಿತ್ ಕುಮಾರ್ ಮತ್ತು ಎಪ್ಲಿ, ಬಹಳ ದಿನದಿಂದ ಮಾತಿಲ್ಲದ ಸ್ನೇಹಿತರನ್ನು ಮತ್ತೆ ಸಂಪರ್ಕಿಸಲು ಜನರಿಗೆ ಹೇಳಿದರು. ಫೋನ್ ಮಾಡಿದರೆ ಮುಜುಗರ, ಇಮೇಲ್ ವಾಸಿ ಅಂತ ಹೆಚ್ಚಿನವರು ಅಂದುಕೊಂಡಿದ್ದರು. ಮಾಡಿ ನೋಡಿದಾಗ ಫೋನಿನಲ್ಲಿ ಮುಜುಗರವೇನೂ ಜಾಸ್ತಿ ಇರಲಿಲ್ಲ, ಹತ್ತಿರವಾದ ಭಾವ ಮಾತ್ರ ಜಾಸ್ತಿ ಇತ್ತು. ಅಪರಿಚಿತರ ಜೊತೆ ಮಾಡಿದ ಇನ್ನೊಂದು ಪ್ರಯೋಗದಲ್ಲಿ, ವಿಡಿಯೊ ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನಂಟು ಬೆಸೆಯುವುದು ದನಿ. ಹಾಗಾಗಿ ಗುಡ್ ಮಾರ್ನಿಂಗ್ ಚಿತ್ರ ಕಳಿಸುವ ಬದಲು ಐದು ನಿಮಿಷ ಫೋನ್ ಮಾಡಿ. ಯಾರಾದರೂ ನಿಮಗೆ ಮಾಡಿದ ಉಪಕಾರ ನೆನಪಿದ್ದರೆ, ನಾಲ್ಕು ಸಾಲು ಬರೆದು ಕಳಿಸಿ. ಇದೇ ಇಬ್ಬರ 2018ರ ಅಧ್ಯಯನದಲ್ಲಿ, ಕೃತಜ್ಞತೆಯ ಪತ್ರ ಬರೆದವರು "ಚೆನ್ನಾಗಿ ಬರೆದಿಲ್ಲ" ಅಂತ ಅಳುಕಿದ್ದರು. ಪಡೆದವರು ಬರಹದ ಅಂದ ನೋಡಲೇ ಇಲ್ಲ, ಬರೆದವರು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಸಂತೋಷಪಟ್ಟರು.

ಈ ಕ್ರಮ ಎಲ್ಲಿ ಸಾಲದು

ಇಲ್ಲಿ ಹೇಳಿದ ಪ್ರಯೋಗಗಳಲ್ಲಿ ಹೆಚ್ಚಿನವು ಅಮೆರಿಕ, ಕೆನಡಾ, ಬ್ರಿಟನ್ನಿನವು. ಅದರಲ್ಲೂ ಕಾಲೇಜು ವಿದ್ಯಾರ್ಥಿಗಳ ಮೇಲೆ ಆದವು ಬಹಳ. ಆ ದೇಶಗಳ ಜನರಿಂದ ಇಡೀ ಮನುಷ್ಯಕುಲದ ಬಗ್ಗೆ ತೀರ್ಮಾನಿಸುವುದು ತಪ್ಪು ಅಂತ 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಎತ್ತಿದ ಆಕ್ಷೇಪ ಸರಿಯಾದದ್ದು. ನಮ್ಮಲ್ಲಿ ಅತ್ತೆ, ಮಾವ, ಕೇರಿ, ಜಾತಿ ಎಲ್ಲವೂ ಮಾತಿನ ಮಧ್ಯೆ ಇರುತ್ತವೆ. ಕೂಡು ಕುಟುಂಬದಲ್ಲಿ ಹತ್ತು ಜನರ ನಡುವೆ ಇದ್ದೂ ಒಂಟಿಯಾದ ಸೊಸೆಗೆ ರೈಲಿನ ಪ್ರಯೋಗ ಉತ್ತರ ಕೊಡುವುದಿಲ್ಲ. ಆಕೆಗೆ ಬೇಕಾದದ್ದು ಮನೆಯ ಹೊರಗೆ ಒಬ್ಬ ಗೆಳತಿ, ಹೊರಗೆ ಹೋಗುವ ಸ್ವಾತಂತ್ರ್ಯ. ಅದನ್ನು ಕೊಡಬೇಕಾದವರು ಮನೆಯವರು.

ಜನರ ಮುಂದೆ ಬಾಯಿ ತೆರೆಯಲು ಹೋದರೆ ಎದೆ ಹೊಡೆದುಕೊಂಡು, ಬೆವರಿ, ಕೆಲಸ ಕಾಲೇಜು ತಪ್ಪಿಸುವಷ್ಟು ಹೆದರಿಕೆ ಇದ್ದರೆ, ಇಲ್ಲವೇ ವಾರಗಟ್ಟಲೆ ನಿದ್ದೆ, ಊಟ, ಆಸಕ್ತಿ ಎಲ್ಲ ಹೋಗಿದ್ದರೆ, ಅದು ಸಂಕೋಚವಲ್ಲ. ಅದಕ್ಕೆ ಚಿಕಿತ್ಸೆ ಇದೆ, ಗುಣವೂ ಆಗುತ್ತದೆ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.